ಝೋರೋ ಮೂರನೇ ಸೀಸನ್ ಬಂದಿದ್ದರೆ: ಮನೆ ಗುಂಪಿನಲ್ಲಿ ನಡೆದ ವಾದ

ಮಾವ: ಇದನ್ನು ನೋಡಿ. ಡಿಸ್ನಿಯವರ ಹಳೇ ಕಪ್ಪು-ಬಿಳುಪು ಝೋರೋ ಸರಣಿಗೆ ಯಾರೋ ಮೂರನೇ ಸೀಸನ್ನಿನ ಕಥೆ ಕಟ್ಟಿದ್ದಾರೆ. ಮುಖವಾಡ ಹಾಕಿ ಝೋರೋ ಆಗುವ ಜಮೀನ್ದಾರನ ಮಗ ಡಿಯೇಗೋಗೂ, ಝೋರೋನನ್ನು ಪ್ರೀತಿಸುವ ಅನಾ ಮರಿಯಾಗೂ ಮದುವೆ. ಕ್ಯಾಪ್ಟನ್ ಮೊನಸ್ತಾರಿಯೋ ಸೇಡು ತೀರಿಸಿಕೊಳ್ಳಲು ವಾಪಸ್ ಬರುತ್ತಾನೆ. ಕೊನೇ ಕಂತಿನಲ್ಲಿ, ಝೋರೋನನ್ನು ಹಿಡಿಯಬೇಕಾದ ಸಾರ್ಜೆಂಟ್ ಗಾರ್ಸಿಯಾ ಝೋರೋನ ಮುಖವಾಡ ಕಳಚುತ್ತಾನೆ. ನನಗೆ ಮೂರೂ ಇಷ್ಟವಾಯ್ತು.

ಚಿಕ್ಕಪ್ಪ: ಮೊನಸ್ತಾರಿಯೋ ಖಂಡಿತ ಬರಲಿ. ಆ ಪಾತ್ರ ಮಾಡಿದ ಬ್ರಿಟ್ ಲೊಮಂಡ್ ಹಾಗೆ ಕತ್ತಿ ಬೀಸುವ ವಿಲನ್ ಆಮೇಲೆ ಸಿಗಲೇ ಇಲ್ಲ. 13 ಕಂತಿಗೇ ಕಳಿಸಿಬಿಟ್ಟರು.

ತಮ್ಮ: ಮೂರನೇ ಸೀಸನ್ ಯಾಕೆ ಬರಲಿಲ್ಲ? ಜನ ನೋಡಲಿಲ್ವಾ?

ನಾನು: ಜನ ಚೆನ್ನಾಗೇ ನೋಡುತ್ತಿದ್ದರು. 1957ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಶುರುವಾಯ್ತು. ಎರಡು ಸೀಸನ್, 78 ಕಂತು. 1959ರಲ್ಲಿ ಡಿಸ್ನಿಗೂ ಎಬಿಸಿಗೂ ವ್ಯವಹಾರದ ಜಗಳ ಬಿದ್ದು ಸರಣಿ ನಿಂತಿತು. 1960-61ರಲ್ಲಿ ಒಂದೊಂದು ಗಂಟೆಯ ನಾಲ್ಕು ಕಂತು ಮಾಡಿದರು, ಅಷ್ಟೇ. ಕಥೆ ಬತ್ತಿಹೋಗಿ ನಿಂತದ್ದಲ್ಲ. ಅದಕ್ಕೇ ಇವತ್ತಿಗೂ ಜನ ಮುಂದಿನದನ್ನು ಕಟ್ಟುತ್ತಾರೆ. ಆದರೆ ಮಾವ, ಈ ಪಟ್ಟಿ ನನಗೆ ಹಿಡಿಸಲಿಲ್ಲ.

ಮಾವ: ಯಾಕಮ್ಮ? ಮದುವೆ ಬೇಡ್ವಾ?

ನಾನು: ಅನಾ ಮರಿಯಾ ಪ್ರೀತಿಸಿದ್ದು ಝೋರೋನನ್ನು. ಪುಸ್ತಕ ಹಿಡಿದು ಕೂತ ಡಿಯೇಗೋವನ್ನಲ್ಲ. ಮದುವೆ ಮಾಡಿಸಿದರೆ ಆ ನೋವೇ ಹೋಗಿಬಿಡುತ್ತದೆ. ಇನ್ನು ಗಾರ್ಸಿಯಾ ಮುಖವಾಡ ಕಳಚುವುದಂತೂ ಬೇಡವೇ ಬೇಡ. ಅಪ್ಪ ಅಲೆಹಾಂದ್ರೋಗೆ ಗುಟ್ಟು ಗೊತ್ತಾಯ್ತು, ಸೇವಕ ಬರ್ನಾರ್ಡೋಗೆ ಮೊದಲಿನಿಂದಲೂ ಗೊತ್ತು. ಗಾರ್ಸಿಯಾಗೂ ಗೊತ್ತಾದರೆ ಆ ಮನುಷ್ಯ ಒಂದೋ ಗೆಳೆಯನನ್ನು ಹಿಡಿದುಕೊಡಬೇಕು, ಇಲ್ಲ ಪ್ರಮಾಣ ಮುರಿಯಬೇಕು. ಎರಡೂ ಅವನಿಂದ ಆಗದ ಕೆಲಸ.

ಚಿಕ್ಕಪ್ಪ: ಅದು ಸರಿ. ಬೇಡ ಅಂದದ್ದಾಯ್ತು. ಏನು ಬೇಕು ಅಂತ ಹೇಳು.

ನಾನು: ಗಾರ್ಸಿಯಾನ ಸಾಲದ ಕಥೆ ಬೇಕು.

ತಮ್ಮ: ಹೋಟೆಲಿನ ಸಾಲ?

ನಾನು: ಅದೇ. ಎಷ್ಟೋ ಕಂತಿನಲ್ಲಿ ಅವನು ಹೋಟೆಲಿಗೆ ಹೋಗಿ ವೈನಿಗೆ ಆಸೆಪಟ್ಟು ನಿಲ್ಲುತ್ತಾನೆ. ಜೇಬಿನಲ್ಲಿ ದುಡ್ಡಿಲ್ಲ. ಡಿಯೇಗೋ ಬಂದು ಕುಡಿಸುತ್ತಾನೆ. ನಾವೆಲ್ಲ ನಗುತ್ತೇವೆ. ಆದರೆ ದುಡ್ಡು ಯಾಕಿಲ್ಲ? ಸರಣಿ ನಡೆಯುವುದು 1820ರ ಲಾಸ್ ಏಂಜಲೀಸ್‌ನಲ್ಲಿ. 1810ರಲ್ಲಿ ಮೆಕ್ಸಿಕೋದಲ್ಲಿ ಸ್ವಾತಂತ್ರ್ಯದ ಯುದ್ಧ ಶುರುವಾದ ಮೇಲೆ ಅಲ್ಲಿನ ಸಾನ್ ಬ್ಲಾಸ್ ಬಂದರಿನಿಂದ, ಆಗ ಸ್ಪೇನಿನ ಆಡಳಿತದಲ್ಲಿದ್ದ ಕ್ಯಾಲಿಫೋರ್ನಿಯಾಕ್ಕೆ ಬರುತ್ತಿದ್ದ ಸರ್ಕಾರಿ ಹಡಗು ಬರುವುದೇ ನಿಂತುಹೋಯ್ತು. ಸೈನಿಕರಿಗೆ ವರ್ಷಗಟ್ಟಲೆ ಸಂಬಳ ಇಲ್ಲ, ಬಟ್ಟೆ ಇಲ್ಲ. ಅವರ ಊಟ ಎಲ್ಲಿಂದ ಬಂತು? ಪಾದ್ರಿಗಳ ಮಿಷನ್‌ಗಳಿಂದ. ಮಿಷನ್ ಕಾಳು ಬೆಳೆದವರು ಯಾರು? ದೀಕ್ಷೆ ಕೊಟ್ಟು ಒಳಗೆ ಇಟ್ಟುಕೊಂಡಿದ್ದ ಅಲ್ಲಿನ ಮೂಲನಿವಾಸಿಗಳು. ಓಡಿಹೋದರೆ ಸೈನಿಕರು ಹಿಡಿದು ತರುತ್ತಿದ್ದರು. ಗಾರ್ಸಿಯಾನಂಥ ಸೈನಿಕರೇ. ತಮಗೆ ಅನ್ನ ಹಾಕುವವರನ್ನೇ ಅಟ್ಟಿಸಿಕೊಂಡು ಹೋಗುವ ಕೆಲಸ ಅದು. ಈ ಕಥೆ ಸರಣಿಯ ನಗುವಿನೊಳಗೇ ಇತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ಚಿಕ್ಕಪ್ಪ: ಇದು ಅರ್ಧ ಗಂಟೆಯ ಮಕ್ಕಳ ಸರಣಿ. ಕತ್ತಿ ವರಸೆ, ಕಪ್ಪು ಕುದುರೆ ಟೊರ್ನಾಡೋ, ಗೋಡೆ ಹಾರುವುದು. ಅದರ ತಲೆ ಮೇಲೆ ಇಷ್ಟು ಭಾರ ಹೇರಿದರೆ ಗಾರ್ಸಿಯಾ ಗಾರ್ಸಿಯಾ ಆಗಿ ಉಳಿಯುವುದಿಲ್ಲ. ಆ ಪಾತ್ರ ಮಾಡಿದ ಹೆನ್ರಿ ಕ್ಯಾಲ್ವಿನ್ ಬಾಯ್ತುಂಬ ಹಾಡುತ್ತಿದ್ದ ಮನುಷ್ಯ. ಅವನ ಕೈಗೆ ಚಾವಟಿ ಕೊಡಬೇಡ.

ನಾನು: ಚಾವಟಿ ಕೊಡುವುದಿಲ್ಲ ಚಿಕ್ಕಪ್ಪ. ಆದೇಶ ಕೊಡುತ್ತೇನೆ. ಸಾನ್ ಗೇಬ್ರಿಯಲ್ ಮಿಷನ್‌ನಿಂದ ತೊಂಗ್ವಾ ಅನ್ನುವ ಮೂಲನಿವಾಸಿ ಜನರ ಒಬ್ಬ ಹುಡುಗ ಓಡಿಹೋಗಿದ್ದಾನೆ, ಹಿಡಿದು ತಾ ಅಂತ. ಗಾರ್ಸಿಯಾ ಹೊರಡುತ್ತಾನೆ. ದಾರಿ ತಪ್ಪುತ್ತಾನೆ, ಕುದುರೆ ಬಳಲಿತು ಅಂತಾನೆ, ಊಟಕ್ಕೆ ಕೂರುತ್ತಾನೆ. ಕಾರ್ಪೊರಲ್ ರೇಯೆಸ್ ಕೇಳುತ್ತಾನೆ, ಸಾರ್ಜೆಂಟ್, ಹುಡುಗ ಆ ಕಡೆ ಹೋದ ಅಲ್ವಾ? ಗಾರ್ಸಿಯಾ ಇನ್ನೊಂದು ಕಡೆ ಕೈ ತೋರಿಸುತ್ತಾನೆ. ನೋಡುವ ಮಗು ನಗುತ್ತದೆ. ಅವನು ಬೇಕೆಂದೇ ದಾರಿ ತಪ್ಪಿದ ಅಂತ ದೊಡ್ಡವರಿಗೆ ಗೊತ್ತಾಗುತ್ತದೆ.

ಚಿಕ್ಕಪ್ಪ: ಹ್ಞೂ. ಇದು ನಡೆಯಬಹುದು.

ಅತ್ತಿಗೆ, ಲಾಸ್ ಏಂಜಲೀಸ್: ಈಗ ಎದ್ದೆ, ಎಲ್ಲ ಓದಿದೆ. ನನ್ನದೂ ಒಂದು ಕಥೆ ಸೇರಿಸಿಕೊಳ್ಳಿ. ಇಲ್ಲಿ ಓಲ್ವೆರಾ ಬೀದಿ ಎದುರಿಗೆ ಹಳೇ ಪ್ಲಾಜಾ ಚರ್ಚ್ ಇದೆ, ಊರಿಗೆ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತೇನೆ. 1822ರಲ್ಲಿ ಉದ್ಘಾಟನೆ ಆದದ್ದು. ಅದಕ್ಕೆ ಕಾಡಿನಿಂದ ಮರ ಕಡಿಸಿ ತಂದವನು ಜೋಸೆಫ್ ಚಾಪ್‌ಮನ್ ಅಂತ, ಒಬ್ಬ ಮಾಜಿ ಕಡಲ್ಗಳ್ಳ!

ತಮ್ಮ: ನಿಜವಾಗ್ಲೂ?

ಅತ್ತಿಗೆ: ನಿಜ. 1818ರ ನವೆಂಬರ್‌ನಲ್ಲಿ ಇಪೋಲಿತ್ ಬುಷಾರ್ ಅನ್ನುವವನು ಅರ್ಜೆಂಟೀನಾ ಬಾವುಟ ಹಾರಿಸಿಕೊಂಡು ಎರಡು ಹಡಗಿನಲ್ಲಿ ಬಂದು ಕ್ಯಾಲಿಫೋರ್ನಿಯಾದ ಆಗಿನ ರಾಜಧಾನಿ ಮಾಂಟೆರೇ ಊರನ್ನೇ ಹಿಡಿದ. ಸುಟ್ಟು, ದೋಚಿ, ದಕ್ಷಿಣಕ್ಕೆ ಬಂದು ಸಾನ್ ಹುವಾನ್ ಕಪಿಸ್ತ್ರಾನೋದಲ್ಲೂ ಇಳಿದ. ಆ ಗುಂಪಿನಲ್ಲಿದ್ದ ಅಮೆರಿಕನ್ ಈ ಚಾಪ್‌ಮನ್. ಸಿಕ್ಕಿಬಿದ್ದ. ಕೈಯಲ್ಲಿ ಕಸುಬು ಇತ್ತು, ಆದ್ದರಿಂದ ಉಳಿದ. ಸಾನ್ ಗೇಬ್ರಿಯಲ್‌ನಲ್ಲಿ ಹಿಟ್ಟಿನ ಗಿರಣಿ ಕಟ್ಟಿದ, ಇಲ್ಲಿನವಳನ್ನೇ ಮದುವೆಯಾದ. ಡಿಯೇಗೋ ಸ್ಪೇನಿನಿಂದ ವಾಪಸ್ ಬರುವ ಹೊತ್ತಿಗೆ ಇವನು ಇದೇ ಸೀಮೆಯಲ್ಲಿ ಓಡಾಡುತ್ತಿದ್ದ. ಸರಣಿಯಲ್ಲಿ ಇವನಿಗೊಂದು ಕಂತೂ ಇಲ್ಲ!

ತಮ್ಮ: ಝೋರೋ ಮಾಡಿದ ಗೈ ವಿಲಿಯಮ್ಸ್ ಕೊನೆಗೆ ಅರ್ಜೆಂಟೀನಾಕ್ಕೇ ಹೋಗಿ ನೆಲೆಸಿದ್ದು. 1973ರಲ್ಲಿ ಮೊದಲ ಸಲ ಹೋದಾಗ ಅಲ್ಲಿನ ಜನ ಮುಗಿಬಿದ್ದರಂತೆ. 1989ರಲ್ಲಿ ಬ್ಯೂನಸ್ ಐರಿಸ್‌ನಲ್ಲೇ ತೀರಿಕೊಂಡರು. ಬುಷಾರ್ ಕಂತು ಮಾಡಿದ್ದರೆ ಆ ಜನ ಎಷ್ಟು ಖುಷಿ ಪಡುತ್ತಿದ್ದರು!

ಮಾವ: ಕಡಲ್ಗಳ್ಳನೇ ಇರಲಿ. ಇದರಲ್ಲಿ ಕತ್ತಿ ಇದೆ, ಹಡಗು ಇದೆ.

ನಾನು: ಚಾಪ್‌ಮನ್ ನನ್ನ ಕಥೆಗೂ ಬೇಕು. ಸಾನ್ ಗೇಬ್ರಿಯಲ್‌ನ ಗಿರಣಿಯಲ್ಲಿ ಬೀಸುವ ಕಾಳು ಯಾರದು, ಹಿಟ್ಟು ಯಾರ ಹೊಟ್ಟೆಗೆ ಹೋಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ. ಬರ್ನಾರ್ಡೋನನ್ನು ಆ ಗಿರಣಿಗೆ ಕಳಿಸಿ. ಅವನಿಗೆ ಮಾತು ಬರಲ್ಲ. ಕಿವಿ ಕೇಳುತ್ತದೆ, ಆದರೆ ಕಿವುಡನ ಹಾಗೆ ನಟಿಸುತ್ತಾನೆ. ಅವನ ಮುಂದೆ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ. ಗಿರಣಿ ಕಲ್ಲಿನ ಸದ್ದಿನಲ್ಲಿ ಅವನು ಕೇಳಿಸಿಕೊಂಡದ್ದನ್ನು ರಾತ್ರಿ ಡಿಯೇಗೋಗೆ ಕೈಯಲ್ಲಿ, ಮುಖದಲ್ಲಿ ಹೇಳಬೇಕು. ಮೂಟೆ, ಬೀಗ, ಹಸಿದ ಮಗು, ಗಾಡಿ. ಬರ್ನಾರ್ಡೋ ಪಾತ್ರ ಮಾಡಿದ ಜೀನ್ ಶೆಲ್ಡನ್ ಮೂಕಾಭಿನಯದಲ್ಲೇ ಹೆಸರು ಮಾಡಿದ ನಟ. ಐದು ನಿಮಿಷ ಒಂದೂ ಮಾತಿಲ್ಲದೆ ಆ ದೃಶ್ಯ ನಿಲ್ಲಿಸುವ ಶಕ್ತಿ ಅವರಿಗಿತ್ತು. ಅವರನ್ನು ನಗಿಸುವುದಕ್ಕೇ ಜಾಸ್ತಿ ಬಳಸಿಕೊಂಡರು ಅಂತ ನನಗೆ ನಿಜಕ್ಕೂ ಬೇಸರವಿದೆ.

ಚಿಕ್ಕಪ್ಪ: ಸರಿ, ವಿಲನ್ ಯಾರು? ಹೊಸ ಕ್ಯಾಪ್ಟನ್ನೇ?

ನಾನು: ಅಲ್ಲೇ ನನ್ನ ಮುಖ್ಯ ಮಾತು ಇರುವುದು. ಝೋರೋ ಯಾವಾಗಲೂ ಕೋಟೆಯಲ್ಲಿ ಕೂತವನ ಜೊತೆ ಕಾದಾಡಿದ. ಮೊನಸ್ತಾರಿಯೋ, ಆಮೇಲೆ ಹದ್ದಿನ ಗರಿಯನ್ನು ಗುರುತಾಗಿ ಕಳಿಸುವ ಪಿತೂರಿಗಾರರು. 1821ರಲ್ಲಿ ಮೆಕ್ಸಿಕೋ ಸ್ವತಂತ್ರವಾಯ್ತು. 1822ರ ಏಪ್ರಿಲ್‌ನಲ್ಲಿ ಮಾಂಟೆರೇಯಲ್ಲಿ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಿದರು. ಸ್ಪೇನಿನ ಕೊನೆಯ ಗವರ್ನರ್ ಸೋಲಾ ಹೊರಟುಹೋದ. ಸ್ಪೇನಿನ ಬಾವುಟ ಇಳಿದ ಮೇಲೆ ಯಾರಿಗೆ ಒಳ್ಳೆಯದಾಯ್ತು? ಚರ್ಮ, ಕೊಬ್ಬು ಕೊಳ್ಳಲು ಪರದೇಶದ ಹಡಗುಗಳು ಬಂದವು. ದನ ಸಾಕುವ ದೊಡ್ಡ ಜಮೀನ್ದಾರರು ಬೆಳೆದರು. ಡಾನ್ ಅಲೆಹಾಂದ್ರೋ ಅಂಥವರು. ಮಿಷನ್ ಒಳಗಿದ್ದ ಜನರ ಪಾಡು ಬದಲಾಗಲಿಲ್ಲ. 1824ರ ಫೆಬ್ರುವರಿಯಲ್ಲಿ ಸಾಂತಾ ಇನೇಸ್, ಲಾ ಪುರಿಸಿಮಾ, ಸಾಂತಾ ಬಾರ್ಬರಾ ಮಿಷನ್‌ಗಳಲ್ಲಿ ಚುಮಾಶ್ ಅನ್ನುವ ಮೂಲನಿವಾಸಿ ಜನ ದಂಗೆ ಎದ್ದರು. ಆಗ ಝೋರೋ ಯಾವ ಕಡೆ? ಎದುರಿಗೆ ಕ್ಯಾಪ್ಟನ್ ಇಲ್ಲ. ಅಪ್ಪನ ಗೆಳೆಯರು ಇದ್ದಾರೆ, ಡಿಯೇಗೋನ ಮನೆಯಲ್ಲೇ ಊಟ ಮಾಡುವವರು. ಮಗ ಕತ್ತಿ ಹಿಡಿಯಬೇಕಾದದ್ದು ಅವರ ಮುಂದೆ.

ಮಾವ: ಅಲೆಹಾಂದ್ರೋ ನ್ಯಾಯವಂತ. ಅವರನ್ನು ಕೆಟ್ಟವರನ್ನಾಗಿ ಮಾಡಬೇಡ.

ನಾನು: ಕೆಟ್ಟವರಲ್ಲ ಮಾವ. ಒಳ್ಳೆಯವರೇ. ಕಣಜದಲ್ಲಿ ಕಾಳು ತುಂಬಿದೆ, ಬೀಗ ಹಾಕಿದೆ, ಅದು ತಪ್ಪು ಅಂತ ಅವರಿಗೆ ಹೊಳೆದೇ ಇಲ್ಲ. ಅಷ್ಟೇ ಸಾಕು ಕಥೆಗೆ.

ಚಿಕ್ಕಪ್ಪ: ಝಡ್ ಗುರುತು ಎಲ್ಲಿ ಕೆತ್ತುತ್ತಾನೆ? ಅದು ಇಲ್ಲದೆ ಕಂತು ಮುಗಿಯಲ್ಲ.

ನಾನು: ಅಪ್ಪನ ಕಣಜದ ಬಾಗಿಲ ಮೇಲೆ.

ಚಿಕ್ಕಪ್ಪ: ಸ್ವಂತ ಮನೆ ಬಾಗಿಲಿಗಾ? ನಾನು ಒಪ್ಪಲ್ಲ.

ತಮ್ಮ: ನಾನು ಒಪ್ಪಿದೆ. ಅಪ್ಪನಿಗೆ ಗುಟ್ಟು ಗೊತ್ತಿದೆಯಲ್ಲ, ಕೆತ್ತಿದ್ದು ಮಗನೇ ಅಂತ ನೋಡಿದ ತಕ್ಷಣ ತಿಳಿಯುತ್ತದೆ.

ಅತ್ತಿಗೆ: ತಿಳಿದ ಮೇಲೆ ಸುಮ್ನೆ ಬೀಗ ತೆಗೆಸಿ ಗಾಡಿಗೆ ಮೂಟೆ ಹೇರಿಸುತ್ತಾರೆ.

ಮಾವ: ಸುಮ್ನೆ ಅಲ್ಲ. ಮೊದಲು ಮಗನ ಜೊತೆ ಜೋರು ಜಗಳ ಆಡುತ್ತಾರೆ. ಅಲೆಹಾಂದ್ರೋಗೆ ಮೂಗಿನ ತುದಿಯಲ್ಲೇ ಕೋಪ. ಜಗಳದ ದೃಶ್ಯ ಇದ್ದರೆ ನಾನೂ ಒಪ್ಪುತ್ತೇನೆ.