ಎಫ್‌ಎಸ್‌ಎಲ್ ವರದಿಯಲ್ಲಿ ‘ಹೊಂದಿಕೆಯಾಗಿದೆ’ ಅಂತಿದ್ದರೆ ಕೇಸು ಮುಗೀತಾ?

ಹೊಸಕೋಟು_ತುಮಕೂರು:

ತುಮಕೂರು ಸೆಷನ್ಸ್ ಕೋರ್ಟಿನ ಕೊಲೆ ಕೇಸು, ನಾನು ಆರೋಪಿ ಪರ ವಕೀಲ. ಆರೋಪಿ ತೋರಿಸಿದ ತೋಟದಿಂದ ಒಂದು ಮಚ್ಚು, ಒಂದು ಶರ್ಟು ವಶಪಡಿಸಿಕೊಂಡಿದ್ದಾರೆ. ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಪ್ರಕಾರ ಎರಡರ ಮೇಲೂ ಮನುಷ್ಯರ ರಕ್ತ. ಶರ್ಟಿನದು ‘ಒ’ ಗುಂಪು, ಮೃತರದೂ ‘ಒ’. ಮಚ್ಚಿನ ರಕ್ತದ ಗುಂಪು ಗೊತ್ತಾಗಿಲ್ಲ. ಶರ್ಟಿನ ಕಲೆಯ ಡಿಎನ್‌ಎ ಮೃತರದಕ್ಕೆ ಹೊಂದಿಕೆಯಾಗಿದೆ ಅಂತ ಎರಡು ಪುಟದ ಇನ್ನೊಂದು ವರದಿ. ವಶಪಡಿಸಿಕೊಂಡ 41 ದಿನದ ಮೇಲೆ ಲ್ಯಾಬ್ ತಲುಪಿದೆ. ಒಬ್ಬ ಸೀನಿಯರ್ “ಸೈನ್ಸ್ ಮುಂದೆ ನಮ್ಮದೇನೂ ನಡೆಯಲ್ಲ” ಅಂತಾರೆ. ಇನ್ನೊಬ್ಬರು “ಅದು ಬರೀ ಅಭಿಪ್ರಾಯ, ಬಿಟ್ಟಾಕು” ಅಂತಾರೆ. ಎರಡೂ ಒಪ್ಪಿಗೆಯಾಗ್ತಿಲ್ಲ. 41 ದಿನ ತಡ ಅನ್ನೋದೇ ನಮ್ಮ ದೊಡ್ಡ ಅಸ್ತ್ರ ಅಂದ್ಕೊಂಡಿದ್ದೀನಿ, ಸರಿನಾ? ಯಾವ ಯಾವ ಕಾಗದ ತರಿಸಬೇಕು?

ಕೋಲಾರದ_ಕರಿಕೋಟು:

ವಿಜ್ಞಾನ ಆಮೇಲೆ, ಮೊದಲು ಕ್ಯಾಲೆಂಡರ್ ನೋಡಿ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ದಂಡ ಪ್ರಕ್ರಿಯಾ ಕಾಯ್ದೆ) 330ನೇ ಕಲಂ ಪ್ರಕಾರ ದಾಖಲೆ ಕೈಗೆ ಬಂದ 30 ದಿನದೊಳಗೆ ಒಪ್ಪುತ್ತೀರೋ ಇಲ್ಲವೋ ಹೇಳಬೇಕು. ಯಾರೂ ತಕರಾರು ತೆಗೆಯದಿದ್ದರೆ ತಜ್ಞರನ್ನು ಕರೆಸುವ ಹಾಗೇ ಇಲ್ಲ. ಅವಧಿ ಮೀರಿದ್ದರೆ ಸಡಿಲಿಸಲು ಅರ್ಜಿ ಹಾಕಿ, ಕಾರಣ ದಾಖಲಿಸಿ ಸಡಿಲಿಸುವ ಅಧಿಕಾರ ಕೋರ್ಟಿಗಿದೆ. 2024ರ ಜುಲೈ 1ಕ್ಕೆ ಮೊದಲೇ ವಿಚಾರಣೆ ನಡೀತಿದ್ದ ಕೇಸಾದರೆ ಹಳೇ ಸಿಆರ್‌ಪಿಸಿ 293, 294.

ಆಮೇಲೆ ವರದಿಯ ಕೊನೇ ಪುಟದ ಸಹಿ. ನಿರ್ದೇಶಕ, ಉಪನಿರ್ದೇಶಕ, ಸಹಾಯಕ ನಿರ್ದೇಶಕ ಇವರ ವರದಿಯಾದರೆ 329ರಲ್ಲಿ ಅವರನ್ನ ಸಾಕ್ಷಿಯಾಗಿ ಕರೆಸದೇ ವರದಿಯನ್ನ ಕೋರ್ಟಿನ ದಾಖಲೆಯಾಗಿ ಗುರುತು ಮಾಡಬಹುದು. ಅದಕ್ಕಿಂತ ಕೆಳಗಿನ ಹುದ್ದೆಯಾದರೆ ಸರ್ಕಾರದ ಅಧಿಸೂಚನೆಯಲ್ಲಿ ಆ ಹುದ್ದೆ ಇದೆಯಾ ಅಂತ ಕೇಳಿ. ಗುರುತಾಯ್ತು ಅಂದಮಾತ್ರಕ್ಕೆ ಒಳಗಿರೋದೆಲ್ಲ ಸಾಬೀತಾಯ್ತು ಅಂತಲ್ಲ, ಇದನ್ನ ಎಷ್ಟೋ ಜನ ಮರೀತಾರೆ.

ಇನ್ನು ಪ್ಯಾಕೆಟ್ಟಿನ ಪ್ರಯಾಣ. ಮಹಜರು (ಪಂಚರ, ಅಂದರೆ ಸ್ಥಳದ ಸಾಕ್ಷಿಗಳ ಎದುರು ಬರೆದ ಜಪ್ತಿ ಪತ್ರ), ಪಿ.ಎಫ್. (ವಶಪಡಿಸಿದ ವಸ್ತುಗಳ ಪಟ್ಟಿಯ ಪ್ರಾಪರ್ಟಿ ಫಾರ್ಮ್), ಠಾಣೆಯ ಮುದ್ದೆಮಾಲು (ಜಪ್ತಿ ವಸ್ತುಗಳ) ರಿಜಿಸ್ಟರ್, ಲ್ಯಾಬಿಗೆ ಬರೆದ ಪತ್ರ, ಕಾನ್‌ಸ್ಟೇಬಲ್ ತಂದ ಸ್ವೀಕೃತಿ, ವರದಿಯ ಮೊದಲ ಪುಟ. ಈ ಆರನ್ನೂ ಒಂದೇ ಮೇಜಿನ ಮೇಲೆ ಹರಡಿ ದಿನಾಂಕ, ವಸ್ತುವಿನ ವರ್ಣನೆ, ಮೊಹರಿನ ಅಕ್ಷರ ತಾಳೆ ನೋಡಿ. ಮಹಜರಿನಲ್ಲಿ ‘ನೀಲಿ ಗೆರೆ ಶರ್ಟು’, ವರದಿಯಲ್ಲಿ ‘ಬೂದು ಚೌಕಳಿ’ ಅಂತ ಬಂದಿರೋ ಫೈಲುಗಳಿವೆ. ಮೊಹರು ಒತ್ತಿದ ಮೇಲೆ ಆ ಸೀಲು ಯಾರ ಹತ್ತಿರ ಉಳೀತು? ಪಂಚರಿಗೆ ಕೊಟ್ಟಿದ್ದರೆ ಸರಿ. ಠಾಣೆಯಲ್ಲೇ ಇದ್ದರೆ ‘ಮೊಹರು ಭದ್ರವಾಗಿತ್ತು’ ಅನ್ನೋ ಲ್ಯಾಬಿನ ಸಾಲಿಗೆ ತೂಕ ಕಮ್ಮಿ, ಯಾಕಂದರೆ ಬಿಚ್ಚಿ ಅದೇ ಸೀಲಿನಿಂದ ಮತ್ತೆ ಒತ್ತಬಹುದು.

ಪಿಪೆಟ್ಟು:

41 ದಿನದ ಬಗ್ಗೆ ಒಂದು ಎಚ್ಚರಿಕೆ. “ತಡವಾಯ್ತು, ರಕ್ತ ಕೆಟ್ಟಿತ್ತು, ಆದ್ದರಿಂದ ಫಲಿತಾಂಶ ತಪ್ಪು” ಅಂತ ವಾದಿಸಬೇಡಿ. ತಜ್ಞರು ಎರಡೇ ವಾಕ್ಯದಲ್ಲಿ ಅದನ್ನ ಮಲಗಿಸ್ತಾರೆ. ಡಿಎನ್‌ಎ ಕೆಟ್ಟರೆ ಫಲಿತಾಂಶ ಬರೋದಿಲ್ಲ, ಇಲ್ಲಾ ಅರ್ಧಂಬರ್ಧ ಬರುತ್ತೆ. ಕೆಟ್ಟುಹೋಗಿ ರಾಮನ ಡಿಎನ್‌ಎ ಭೀಮನದಾಗಿ ಬದಲಾಗಲ್ಲ. ಹೊಂದಿಕೆ ಬಂದಿದೆ ಅಂದರೆ ಮೃತರ ರಕ್ತ ಶರ್ಟಿನ ಮೇಲಿತ್ತು ಅಂತಲೇ ಹೆಚ್ಚಾಗಿ ಅರ್ಥ. ಯಾವಾಗ ಬಂತು, ಹೇಗೆ ಬಂತು, ಶರ್ಟು ಯಾರದು ಅನ್ನೋದಕ್ಕೆ ಆ ವರದಿಯಲ್ಲಿ ಉತ್ತರವಿಲ್ಲ.

ಅಲ್ಲಿಂದ ಹಿಡೀರಿ. ಮೃತರ ರಕ್ತಸಿಕ್ತ ಬಟ್ಟೆ ಶವಾಗಾರದಿಂದ ಠಾಣೆಗೆ ಯಾವತ್ತು ಬಂತು? ಶರ್ಟು ಇದ್ದ ಕೊಠಡಿಯಲ್ಲೇ ಇಟ್ಟರಾ? ಆಗ ಶರ್ಟಿನ ಪ್ಯಾಕೆಟ್ ಮುಚ್ಚಿತ್ತಾ? ಕಾಗದದ ಕವರಿಗೆ ಹಾಕಿದ್ದರಾ, ಪ್ಲಾಸ್ಟಿಕ್ ಚೀಲಕ್ಕಾ? ಹಸಿ ಬಟ್ಟೆಯನ್ನ ನೆರಳಲ್ಲಿ ಒಣಗಿಸಿ ಕಾಗದಕ್ಕೆ ಹಾಕಬೇಕು, ಪ್ಲಾಸ್ಟಿಕ್ಕಿನಲ್ಲಿ ಕೆಲವೇ ದಿನಕ್ಕೆ ಬೂಸ್ಟು ಹಿಡಿಯುತ್ತೆ. ಒಂದೇ ಟೇಬಲ್ ಮೇಲೆ ಫ್ಯಾನ್ ಹಾಕಿ ಎಲ್ಲವನ್ನೂ ಒಟ್ಟಿಗೆ ಒಣಗಿಸಿದರೆ ಒಂದರ ಒಣಪುಡಿ ಇನ್ನೊಂದಕ್ಕೆ ಹಾರುತ್ತೆ.

ಶರ್ಟಿನ ಕಾಲರ್ ಒಳಮಗ್ಗುಲು, ಕಂಕುಳ ಭಾಗ ಪರೀಕ್ಷೆ ಮಾಡಿದ್ದಾರಾ ನೋಡಿ. ತೊಟ್ಟವರ ಚರ್ಮದ ಕೋಶ ಸಿಗೋದು ಅಲ್ಲಿ. ರಕ್ತದ ಕಲೆ ಮಾತ್ರ ಕತ್ತರಿಸಿ ಪರೀಕ್ಷಿಸಿದ್ದರೆ, ಶರ್ಟಿಗೂ ಆರೋಪಿಗೂ ನಂಟು ಹೇಳೋದು ಮಹಜರು ಮಾತ್ರ.

ರಕ್ತದ ಗುಂಪು ತೀರಾ ಸಣ್ಣ ವಿಷಯ. ನಮ್ಮಲ್ಲಿ ಮೂವರಲ್ಲಿ ಒಬ್ಬರಿಗೆ ‘ಒ’. ಆರೋಪಿಯದೇ ‘ಒ’ ಆಗಿದ್ದರೆ ಆ ಸಾಲು ಏನನ್ನೂ ಹೇಳಲ್ಲ. ಬ್ಯಾಕ್ಟೀರಿಯಾ ಬೆಳೆದ ಕಲೆ ಸುಳ್ಳು ‘ಬಿ’ ತೋರಿಸೋದೂ ಉಂಟು.

ಎರಡು ಪುಟದ ಡಿಎನ್‌ಎ ವರದಿ ಸಾಲದು. ಎಲೆಕ್ಟ್ರೋಫೆರೋಗ್ರಾಮ್ (ಡಿಎನ್‌ಎ ತುಣುಕುಗಳನ್ನ ಗೀಟುಗಳಾಗಿ ತೋರಿಸುವ ಗ್ರಾಫ್), ಅಲೀಲ್ ಪಟ್ಟಿ (ಪ್ರತಿ ಜಾಗದಲ್ಲಿ ಕಂಡ ರೂಪಗಳ ಪಟ್ಟಿ), ಎಷ್ಟು ಡಿಎನ್‌ಎ ಸಿಕ್ಕಿತ್ತು ಅನ್ನೋ ಲೆಕ್ಕ, ನೆಗೆಟಿವ್ ಕಂಟ್ರೋಲ್ (ಡಿಎನ್‌ಎ ಇಲ್ಲದ ಖಾಲಿ ಮಾದರಿ) ಫಲಿತಾಂಶ, ಇವಕ್ಕೆ ಅರ್ಜಿ ಹಾಕಿ. ಹಾಳಾದ ಮಾದರಿಯಾದರೆ ಗ್ರಾಫಿನಲ್ಲಿ ಬಲಕ್ಕೆ ಹೋದಂತೆ ಗೀಟುಗಳು ಗಿಡ್ಡವಾಗ್ತಾ ಹೋಗುತ್ತವೆ, ಉದ್ದ ತುಣುಕುಗಳೇ ಮೊದಲು ಹಾಳಾಗೋದು. ಡಿಎನ್‌ಎಯ ಇಪ್ಪತ್ತಕ್ಕೂ ಹೆಚ್ಚು ಜಾಗ ನೋಡುವ ಕಿಟ್ಟಿನಲ್ಲಿ ಏಳೆಂಟೇ ಬಂದಿದ್ದರೆ ‘ಹೊಂದಿಕೆ’ ಅನ್ನೋ ಪದದ ಅರ್ಥವೇ ಬೇರೆ. ಹಲವು ಜಾಗಗಳಲ್ಲಿ ಎರಡಕ್ಕಿಂತ ಹೆಚ್ಚು ಗೀಟು ಕಂಡರೆ ಕನಿಷ್ಠ ಇಬ್ಬರ ಮಿಶ್ರಣ. ಇನ್ನೊಂದು: ಇದು ದಾಯಾದಿ ಜಗಳವಾ? ವೈ-ಎಸ್‌ಟಿಆರ್ (ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮಿನ ಪರೀಕ್ಷೆ) ಮಾಡಿದ್ದರೆ ಅಣ್ಣ, ತಮ್ಮ, ಚಿಕ್ಕಪ್ಪ, ಚಿಕ್ಕಪ್ಪನ ಮಗ, ಎಲ್ಲರದೂ ಒಂದೇ ಥರ ಬರುತ್ತೆ.

ನಂದಿತಪ್ಪಲು_ಚಿಕ್ಕಬಳ್ಳಾಪುರ:

ಪ್ರಾಸಿಕ್ಯೂಷನ್ ಕಡೆಯಿಂದ ಒಂದು ಮಾತು. ತಡ ಒಂದರಿಂದಲೇ ಕೇಸು ಬೀಳಲ್ಲ. ಮೊಹರು ಕೆಡದೇ ಇತ್ತು, ರಿಜಿಸ್ಟರ್ ಸರಿ ಇದೆ, ಜಪ್ತಿ ವಸ್ತುಗಳ ಕೊಠಡಿ ನೋಡಿಕೊಳ್ಳುವ ರೈಟರ್ ಸಾಕ್ಷಿ ಹೇಳಿದ್ದಾರೆ ಅಂದರೆ ಕೋರ್ಟ್ ನಂಬುತ್ತೆ. ಆದರೆ ಮೇಲಿನ ಕೋರ್ಟುಗಳು ಈಗ ಬಿಗಿ ಮಾಡಿವೆ. ದೆಹಲಿಯ ಛಾವ್ಲಾ ಅತ್ಯಾಚಾರ-ಕೊಲೆ ಪ್ರಕರಣದಲ್ಲಿ ಮಾದರಿಗಳು ಹತ್ತು ದಿನಕ್ಕಿಂತ ಹೆಚ್ಚು ಮಾಲ್ಖಾನೆಯಲ್ಲಿ (ಠಾಣೆಯ ಜಪ್ತಿ ವಸ್ತುಗಳ ಕೊಠಡಿಯಲ್ಲಿ) ಇದ್ದವು. ಆ ಡಿಎನ್‌ಎ ವರದಿ ಯಾವ ಆಧಾರದ ಮೇಲೆ ನಿಂತಿದೆ, ವಿಧಾನವನ್ನ ಸರಿಯಾಗಿ ಬಳಸಿದ್ದಾರಾ ಅಂತ ಕೆಳಗಿನ ಎರಡೂ ಕೋರ್ಟುಗಳು ನೋಡಲೇ ಇಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು, ಗಲ್ಲು ಶಿಕ್ಷೆಯಾಗಿದ್ದವರು ಬಿಡುಗಡೆಯಾದರು. 2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಡಿಎನ್‌ಎ ಮಾದರಿ 48 ಗಂಟೆಯೊಳಗೆ ಲ್ಯಾಬ್ ಸೇರಬೇಕು, ತಡವಾದರೆ ಕೇಸ್ ಡೈರಿಯಲ್ಲಿ ಕಾರಣ ಬರೀಬೇಕು, ಕೈಯಿಂದ ಕೈಗೆ ಹೋದ ರಿಜಿಸ್ಟರ್ ಇಡಬೇಕು ಅಂತ ಸುಪ್ರೀಂ ಕೋರ್ಟಿನ ನಿರ್ದೇಶನ ಬಂತು. ನಿಮ್ಮ ಜಪ್ತಿ ಅದಕ್ಕೆ ಮೊದಲಿನದಾದರೆ ಅದನ್ನೇ ಮುಂದಿಡಬೇಡಿ.

ಬಿಎನ್‌ಎಸ್‌ಎಸ್ ಬಂದ ಮೇಲಿನ ಜಪ್ತಿಯಾದರೆ 105ರ ಪ್ರಕಾರ ವಿಡಿಯೊ ಇರಲೇಬೇಕು, ಅದು ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಿರಬೇಕು. ಪ್ರತಿ ಕೇಳಿ. ಪ್ಯಾಕ್ ಮಾಡಿದ್ದು ಹೇಗೆ ಅನ್ನೋದಕ್ಕೆ ಪಂಚರ ನೆನಪಿಗಿಂತ ಅದು ಮೇಲು.

ಹೊಸಕೋಟು_ತುಮಕೂರು:

ಎಲ್ಲರಿಗೂ ಧನ್ಯವಾದ. ಮಹಜರು ಮತ್ತೆ ಓದಿದೆ. “ಸದರಿ ಮಚ್ಚನ್ನು ಸದರಿ ಶರ್ಟಿನಲ್ಲಿ ಸುತ್ತಿ ಬಿಳಿ ಬಟ್ಟೆಯ ಚೀಲಕ್ಕೆ ಹಾಕಿ ಅರಗಿನಿಂದ ಸೀಲು ಮಾಡಲಾಯಿತು” ಅಂತಿದೆ. ಲ್ಯಾಬಿನ ವರದಿಯಲ್ಲಿ ಮಚ್ಚು, ಶರ್ಟು ಬೇರೆ ಬೇರೆ ಪ್ಯಾಕೆಟ್, ಐಟಂ 3 ಮತ್ತು 4.

ಪಿಪೆಟ್ಟು:

ಅಷ್ಟು ಸಾಕು. ಒಟ್ಟಿಗೆ ಸುತ್ತಿದ್ದರೆ ಮಚ್ಚಿನ ರಕ್ತ ಶರ್ಟಿಗೆ ಬಂದಿದೆ ಅಂತ ಹೇಳೋಕೆ ಯಾವ ಅಡ್ಡಿಯೂ ಇಲ್ಲ. ಕಲೆಯ ಆಕಾರ ಕೇಳಿ: ಸಿಡಿದ ಹನಿಗಳಾ, ಒರೆಸಿದ ಉದ್ದ ಗೀರಾ? ವರದಿಯಲ್ಲಿ ‘ಕಂದು ಕಲೆ’ ಅಂತಷ್ಟೇ ಇದ್ದರೆ ವರ್ಕ್‌ಶೀಟಿನಲ್ಲಿ ಚಿತ್ರ, ಫೋಟೊ ಇರಬಹುದು, ತರಿಸಿ. ಕಾಲರ್ ಇನ್ನೂ ಕತ್ತರಿಸದೇ ಉಳಿದಿರಬಹುದು. ಅದರ ಪರೀಕ್ಷೆ ಕೇಳೋ ಮುಂಚೆ ಕಕ್ಷಿದಾರನ ಹತ್ತಿರ ನಿಜ ಮಾತಾಡಿ, ಫಲಿತಾಂಶ ಯಾವ ಕಡೆಗೂ ತಿರುಗಬಹುದು.

ಕೋಲಾರದ_ಕರಿಕೋಟು:

ಒಂದು ಚೀಲ ಎರಡಾಗಿದ್ದು ಎಲ್ಲಿ, ಯಾರೆದುರು? ರೈಟರ್ ಮತ್ತು ಪ್ಯಾಕೆಟ್ ಒಯ್ದ ಕಾನ್‌ಸ್ಟೇಬಲ್ ಇಬ್ಬರ ವಿಚಾರಣೆಯೂ ಮುಗಿಯೋ ತನಕ ಈ ಪ್ರಶ್ನೆಯನ್ನ ತನಿಖಾಧಿಕಾರಿಗೆ ಸುಳಿವೂ ಕೊಡಬೇಡಿ. ಕೋರ್ಟಲ್ಲಿ ಪ್ಯಾಕೆಟ್ ಬಿಚ್ಚುವಾಗ ಹಳೇ ಬಟ್ಟೆ, ದಾರ, ಅರಗಿನ ಚೂರು ಕಸದ ಬುಟ್ಟಿಗೆ ಹೋಗದ ಹಾಗೆ ನೋಡ್ಕೊಳ್ಳಿ. ಅವನ್ನೂ ಎಂ.ಒ. (ಮೆಟೀರಿಯಲ್ ಆಬ್ಜೆಕ್ಟ್, ಸಾಕ್ಷ್ಯದ ವಸ್ತು) ಅಂತ ಗುರುತು ಮಾಡಿಸಿ.