ಹದಿನೈದು ವರ್ಷದ ಮಗಳನ್ನು ಸಿನಿಮಾ–ಟಿವಿ ಬೇಸಿಗೆ ಶಿಬಿರಕ್ಕೆ ಸೇರಿಸುವ ಮುನ್ನ ಏನೇನು ವಿಚಾರಿಸಬೇಕು?

ಪ್ರಶ್ನೆ: ಡೊಂಬಿವಲಿಯಿಂದ ಒಬ್ಬ ತಾಯಿ

ನನ್ನ ಮಗಳು ಈಗಷ್ಟೇ ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದಾಳೆ. ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಎರಡೂವರೆ ಗಂಟೆಯ ಕಾರ್ಯಕ್ರಮವನ್ನು ಎಂಟು ನಿಮಿಷಕ್ಕೆ ಇಳಿಸಿ ಎಲ್ಲರಿಗೂ ತೋರಿಸಿದಂದಿನಿಂದ ಅವಳಿಗೆ ಇದೇ ಧ್ಯಾನ. (ಅಧ್ಯಕ್ಷರ ಭಾಷಣವನ್ನು ಹನ್ನೊಂದು ಸೆಕೆಂಡಿಗೆ ಕತ್ತರಿಸಿದ್ದಕ್ಕಾಗಿ ನಾನು ಮಾತು ಕೇಳಬೇಕಾಗಿ ಬಂದದ್ದು ಬೇರೆ ಸಂಗತಿ.) ರಜೆಯಲ್ಲಿ ಚಲನಚಿತ್ರ ಮತ್ತು ದೂರದರ್ಶನ ನಿರ್ಮಾಣವನ್ನು ಕಲಿಸುವ ಶಿಬಿರಕ್ಕೆ ಸೇರಿಸಬೇಕೆಂದು ಹಟ ಹಿಡಿದಿದ್ದಾಳೆ. ನನ್ನ ಮುಂದೆ ಎರಡು ಕರಪತ್ರಗಳಿವೆ. ಒಂದು ಅಂಧೇರಿಯದು: ಹತ್ತು ದಿನ, ಬೆಳಗ್ಗೆ ಹೋಗಿ ಸಂಜೆ ಬರುವಂಥದ್ದು, ಮೂವತ್ತೈದು ಮಕ್ಕಳು, ಎರಡು ಕ್ಯಾಮೆರಾ, ಗೋರೆಗಾಂವ್ ಫಿಲ್ಮ್ ಸಿಟಿಗೆ ಒಂದು ದಿನದ ಭೇಟಿ, ಕೊನೆಗೆ ಪ್ರಮಾಣಪತ್ರ. ಇನ್ನೊಂದು ಪುಣೆಯ ಹೊರವಲಯದಲ್ಲಿ ಮೂರು ವಾರದ ವಸತಿ ಶಿಬಿರ: ಹನ್ನೆರಡು ಮಕ್ಕಳು, ಮೂರು ಕ್ಯಾಮೆರಾ, ಶುಲ್ಕ ಮೊದಲನೆಯದರ ಎರಡು ಪಟ್ಟಿಗೂ ಹೆಚ್ಚು. ಬಂಧುಗಳೋ, ಹತ್ತನೆಯ ತರಗತಿಯ ವೆಕೇಶನ್ ಬ್ಯಾಚ್ ಬಿಟ್ಟು ಇದೆಂಥ ಹುಚ್ಚು ಎನ್ನುತ್ತಾರೆ. ಹಣ ಕಟ್ಟುವ ಮುನ್ನ ಇವರಲ್ಲಿ ಏನನ್ನು ಕೇಳಬೇಕು? ಪುಣೆಯ ಸರಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲೇ ಇಂಥದ್ದು ಸಿಗುವುದಿಲ್ಲವೇ? ಈ ಕ್ಷೇತ್ರದಲ್ಲಿರುವ ಕನ್ನಡಿಗರು ದಯವಿಟ್ಟು ತಿಳಿಸಬೇಕು.

ಉತ್ತರ 1: ಪುಣೆ, ಎರಂಡವಣೆ

ನಾನು ಧ್ವನಿಗ್ರಹಣದ ಕೆಲಸದಲ್ಲಿರುವವನು. ಬೇಸಿಗೆಯಲ್ಲಿ ಒಂದೆರಡು ಶಿಬಿರಗಳಲ್ಲಿ ಪಾಠ ಮಾಡಿದ್ದೇನೆ. ಮೊದಲು ಇನ್‌ಸ್ಟಿಟ್ಯೂಟಿನ ಮಾತು. 1960ರಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲೇ ಆರಂಭವಾದ ಆ ಸಂಸ್ಥೆಯ ಮುಖ್ಯ ಕೋರ್ಸುಗಳು ಪದವೀಧರರಿಗಾಗಿ ಇರುವಂಥವು; ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಇವು ಮೂರು ವರ್ಷದವು, ಟಿವಿ ವಿಭಾಗದವು ಒಂದು ವರ್ಷದವು. ಕಾಸರವಳ್ಳಿಯವರು ಅಲ್ಲಿ ಓದುತ್ತಿದ್ದ ಕಾಲದಲ್ಲಿ ಕಾರ್ನಾಡರು ಅದರ ನಿರ್ದೇಶಕರಾಗಿದ್ದರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿಯೇ ಆದರೂ, ಹದಿನೈದರ ಹುಡುಗಿಗೆ ಆ ಬಾಗಿಲು ತೆರೆಯಲು ಇನ್ನೂ ಕೆಲವು ವರ್ಷ ಬೇಕು. ಆದ್ದರಿಂದ ಖಾಸಗಿ ಶಿಬಿರಗಳನ್ನೇ ಅಳೆದು ನೋಡಬೇಕು.

ಅಳೆಯುವುದೆಂದರೆ ನಿಜವಾಗಿಯೂ ಲೆಕ್ಕ ಹಾಕುವುದು. ಅಂಧೇರಿಯ ಹತ್ತು ದಿನಗಳಲ್ಲಿ ಉಪನ್ಯಾಸ, ಭೇಟಿ, ಸಮಾರೋಪ, ಸಂಕಲನ ಇವುಗಳನ್ನು ಕಳೆದರೆ ಚಿತ್ರೀಕರಣಕ್ಕೆ ನಾಲ್ಕು ದಿನ ಉಳಿದೀತು. ದಿನಕ್ಕೆ 5 ಗಂಟೆಯಂತೆ ಎರಡು ಕ್ಯಾಮೆರಾ ಓಡಿದರೂ ಒಟ್ಟು 40 ಗಂಟೆ. ಅದನ್ನು 35 ಮಕ್ಕಳಿಗೆ ಹಂಚಿದರೆ ತಲೆಗೆ ಸುಮಾರು 70 ನಿಮಿಷ, ಅದರಲ್ಲಿ ಅರ್ಧ ದೀಪ ಸರಿಸುವುದಕ್ಕೇ ಹೋಗುತ್ತದೆ. ಪುಣೆಯ ಶಿಬಿರದಲ್ಲಿ ಹತ್ತು ದಿನ ಚಿತ್ರೀಕರಣ ನಡೆದರೆ ಇದೇ ಲೆಕ್ಕದಲ್ಲಿ ತಲೆಗೆ ಹನ್ನೆರಡೂವರೆ ಗಂಟೆ ಬರುತ್ತದೆ. ಆದರೆ ಹೊಣೆಗಳು ಸರದಿಯ ಮೇಲೆ ಬದಲಾಗುತ್ತವೆಯೇ ಎಂದು ಕೇಳದಿದ್ದರೆ ಈ ಲೆಕ್ಕಕ್ಕೆ ಬೆಲೆಯಿಲ್ಲ. ಗಟ್ಟಿ ದನಿಯ ಹುಡುಗ ಮೊದಲ ದಿನ ನಿರ್ದೇಶಕನಾದರೆ ಕೊನೆಯವರೆಗೂ ಅವನೇ ನಿರ್ದೇಶಕ, ಮೆತ್ತಗಿನ ಹುಡುಗಿಯ ಕೈಗೆ ಕ್ಲ್ಯಾಪ್ ಬೋರ್ಡು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಚಲನಚಿತ್ರ ಮತ್ತು ಟಿವಿ ಎರಡನ್ನೂ ಕಲಿಸುತ್ತೇವೆ ಎನ್ನುವವರನ್ನು ಇನ್ನೊಂದು ಪ್ರಶ್ನೆ ಕೇಳಿ: ಬಹುಕ್ಯಾಮೆರಾದ ಅಭ್ಯಾಸ ಇದೆಯೇ? ಸಿನಿಮಾದಲ್ಲಿ ಸಾಮಾನ್ಯವಾಗಿ ಒಂದೇ ಕ್ಯಾಮೆರಾ ಇಟ್ಟು, ಒಂದೊಂದು ಶಾಟಿಗೂ ಬೆಳಕನ್ನು ಹೊಸದಾಗಿ ಜೋಡಿಸಿ, ಕತ್ತರಿ ಕೆಲಸವನ್ನು ಆಮೇಲೆ ಮಾಡುತ್ತಾರೆ. ಟಿವಿ ಸ್ಟುಡಿಯೋದಲ್ಲಿ ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತಿರುತ್ತವೆ. ಕಂಟ್ರೋಲ್ ರೂಮಿನಲ್ಲಿ ಕುಳಿತವರು ವಿಷನ್ ಮಿಕ್ಸರಿನ (ಯಾವ ಕ್ಯಾಮೆರಾದ ಚಿತ್ರ ಹೋಗಬೇಕೆಂದು ಆರಿಸುವ ಯಂತ್ರ) ಗುಂಡಿ ಒತ್ತಿ ಆ ಕ್ಷಣದಲ್ಲೇ ಕತ್ತರಿಸುತ್ತಾರೆ, ಫ್ಲೋರ್ ಮ್ಯಾನೇಜರ್ ಕಿವಿಯಲ್ಲಿ ಆ ಸೂಚನೆ ಕೇಳಿಸಿಕೊಂಡು ಕ್ಯಾಮೆರಾದ ಮುಂದಿರುವವರಿಗೆ ಕೈಸನ್ನೆಯಿಂದ ದಾಟಿಸುತ್ತಾನೆ. ಎರಡೂ ಬೇರೆ ಬೇರೆ ಬಗೆಯ ಬುದ್ಧಿಯನ್ನು ಬೇಡುತ್ತವೆ. ಮೂರು ಮೊಬೈಲು ಮತ್ತು ಮಿಕ್ಸರಿನ ಕೆಲಸವನ್ನೇ ಮಾಡುವ ಒಂದು ಅಗ್ಗದ ಸ್ವಿಚರ್ ಇದ್ದರೂ ಇದನ್ನು ಕಲಿಸಬಹುದು. ಕಲಿಸದೆ ಕರಪತ್ರದಲ್ಲಿ 'ಟಿವಿ' ಎಂದು ಅಚ್ಚು ಹಾಕಿಸುವವರೇ ಹೆಚ್ಚು.

ನನ್ನ ಪಕ್ಷಪಾತವನ್ನೂ ಹೇಳಿಬಿಡುತ್ತೇನೆ: ಮೊದಲ ದಿನ ಮಕ್ಕಳ ಕೈಗೆ ಕ್ಯಾಮೆರಾ ಕೊಡದ ಶಿಬಿರವೇ ನನಗೆ ಇಷ್ಟ. ನಾನು ರೆಕಾರ್ಡರ್ ಕೊಟ್ಟು, ಯಾರೂ ಮಾತನಾಡದ ಕೋಣೆಯ ಸದ್ದನ್ನು 30 ಸೆಕೆಂಡು ಹಿಡಿದು ತನ್ನಿ ಎನ್ನುತ್ತೇನೆ. ಆಗ ಫ್ಯಾನು ಗರಗರ ಎನ್ನುವುದು, ಎರಡು ಕೋಣೆಯಾಚೆಯ ಫ್ರಿಜ್ಜು ಗುಂಯ್‌ಗುಡುವುದು ಮೊದಲ ಬಾರಿಗೆ ಅವರ ಕಿವಿಗೆ ಬೀಳುತ್ತದೆ. ಫ್ರಿಜ್ಜನ್ನು ಆರಿಸಿದ ಕೂಡಲೇ ಮನೆಯ ಬೀಗದಕೈಯನ್ನು ಅದರೊಳಗೆ ಇಡುವುದು ನಮ್ಮ ಕಸುಬಿನ ಹಳೆಯ ಉಪಾಯ. ಹೊರಡುವಾಗ ಬೀಗದಕೈ ಹುಡುಕಲೇಬೇಕು, ಫ್ರಿಜ್ಜನ್ನು ತೆರೆಯಲೇಬೇಕು, ಸ್ವಿಚ್ಚು ನೆನಪಾಗಲೇಬೇಕು.

ಉತ್ತರ 2: ಗೋರೆಗಾಂವ್‌ನಿಂದ, ಧಾರಾವಾಹಿ ಸಂಕಲನಕಾರ

ಮೇಲಿನವರು ಕಿವಿಯ ಮಾತು ಹೇಳಿದ್ದಾರೆ. ನಾನು ಸಂಕಲನದ ಮೇಜಿನಿಂದ ಎರಡು ಮಾತು ಸೇರಿಸುತ್ತೇನೆ. ಫಿಲ್ಮ್ ಸಿಟಿಯ ಭೇಟಿಗಾಗಿ ಯಾರೂ ಹಣ ಕೊಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಬಸ್ಸಿನ ಕಿಟಕಿಯಿಂದ ಫೈಬರಿನ ದೇವಸ್ಥಾನವನ್ನು ನೋಡಿ ಬಂದ ಮಗು ಏನನ್ನೂ ಕಲಿತಿರುವುದಿಲ್ಲ. ಅದಕ್ಕಿಂತ ಪೆಡ್ಡರ್ ರಸ್ತೆಯ ಗುಲ್ಶನ್ ಮಹಲಿನ ಆವರಣದಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಸಿನಿಮಾ ಸಂಗ್ರಹಾಲಯಕ್ಕೆ ನೀವೇ ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೋಗಬಹುದು.

ಶಿಬಿರದವರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಪ್ರತಿ ಮಗುವೂ ತನ್ನ ಕೈಯಾರೆ ಒಂದು ದೃಶ್ಯವನ್ನಾದರೂ ಸಂಕಲಿಸುತ್ತದೆಯೇ, ಇಲ್ಲವೇ ಕೊನೆಯ ರಾತ್ರಿ ನಿಮ್ಮ ಎಡಿಟರ್ ಕುಳಿತು ಸಂಗೀತ ಹಚ್ಚಿ ಮುಗಿಸುತ್ತಾನೆಯೇ? ಎರಡನೆಯದೇ ರೂಢಿ. ಸಮಾರೋಪದ ದಿನ ಪೋಷಕರು ಚಪ್ಪಾಳೆ ತಟ್ಟುವ ಚಿತ್ರ ಹೊಳೆಯುತ್ತಿರುತ್ತದೆ, ಮಕ್ಕಳು ಮಾತ್ರ ಅದನ್ನು ಮೊದಲ ಬಾರಿಗೆ ನೋಡುತ್ತಿರುತ್ತಾರೆ. ತಾನು ತೆಗೆದ ಶಾಟು ಇನ್ನೊಂದಕ್ಕೆ ಏಕೆ ಕೂಡುವುದಿಲ್ಲ, ಬಾಗಿಲು ದಾಟಿ ಬಲಕ್ಕೆ ಹೋದ ಅಜ್ಜಿ ಮುಂದಿನ ಶಾಟಿನಲ್ಲಿ ಎಡಕ್ಕೆ ಏಕೆ ಹೋಗುತ್ತಿದ್ದಾಳೆ ಎಂಬ ಪೇಚು ಸಂಕಲನದಲ್ಲಿ ಎದುರಾದಾಗಲೇ ಮಗುವಿಗೆ ಕ್ಯಾಮೆರಾ ಎಲ್ಲಿ ನಿಲ್ಲಬೇಕಿತ್ತೆಂಬುದು ಹೊಳೆಯುತ್ತದೆ. ಆದ್ದರಿಂದ ಕತ್ತರಿಸದ ಮೂಲ ಚಿತ್ರಿಕೆಗಳನ್ನೂ ಹಾರ್ಡ್ ಡಿಸ್ಕಿನಲ್ಲಿ ಕೊಡುವಿರಾ ಎಂದು ಕೇಳಿ. ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶದ ಉಚಿತ ಆವೃತ್ತಿಯೇ ಮನೆಯಲ್ಲಿ ಮತ್ತೆ ಮತ್ತೆ ಕತ್ತರಿಸಿ ನೋಡುವುದಕ್ಕೆ ಧಾರಾಳವಾಗಿ ಸಾಕು.

ಇನ್ನೊಂದು ಸಣ್ಣ ಸಂಗತಿಯನ್ನು ಮಗಳಿಗೆ ಈಗಲೇ ಹೇಳಿಕೊಡಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಮೊಬೈಲುಗಳು ಮಾತ್ರ ಸಾಮಾನ್ಯವಾಗಿ ಸೆಕೆಂಡಿಗೆ 30 ಚೌಕಟ್ಟಿಗೆ (ಫ್ರೇಮಿಗೆ) ಹೊಂದಿಸಿಕೊಂಡು ಬಂದಿರುತ್ತವೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ದೃಶ್ಯದಲ್ಲಿ ಕಪ್ಪು ಪಟ್ಟೆಗಳು ಓಡುವುದು ಇದರಿಂದಲೇ. 25 ಚೌಕಟ್ಟು, 1/50 ಸೆಕೆಂಡಿನ ಶಟರ್ (ಒಂದೊಂದು ಚೌಕಟ್ಟಿಗೂ ಬೆಳಕು ಬೀಳುವ ಅವಧಿ) ಇಟ್ಟರೆ ಪಟ್ಟೆ ಮಾಯವಾಗುತ್ತದೆ.

ಉತ್ತರ 3: ವಾಸ್ಕೋ, ಗೋವಾ

ನಮ್ಮ ಕಹಿ ಅನುಭವವನ್ನೂ ದಾಖಲಿಸುತ್ತೇನೆ. ಎರಡು ವರ್ಷದ ಹಿಂದೆ ಹದಿಮೂರು ವರ್ಷದ ಮಗನನ್ನು ಇಲ್ಲಿನ ಒಂದು ಶಿಬಿರಕ್ಕೆ ಸೇರಿಸಿದ್ದೆವು, ಹೆಸರು ಬೇಡ. 'ಹೊರಾಂಗಣ ಅಭ್ಯಾಸ' ಎಂದು ಎರಡು ದಿನ ಕಡಲ ತೀರಕ್ಕೆ ಕರೆದೊಯ್ದಿದ್ದರು. ಮಗ ಕೆಂಡದಂತೆ ಕಾದ ಮೈಯಲ್ಲಿ ಮನೆಗೆ ಬಂದು, ಇಡೀ ದಿನ ಬಲೂನು ಹಿಡಿದು ಓಡಿದೆವು ಎಂದ. ತಿಂಗಳ ನಂತರ ಒಂದು ಹೋಟೆಲಿನ ಜಾಹೀರಾತಿನಲ್ಲಿ ಅವನು ಓಡುತ್ತಿರುವುದನ್ನು ನಾದಿನಿ ತನ್ನ ಮೊಬೈಲಿನಲ್ಲಿ ನೋಡಿ ನಮಗೆ ಕಳಿಸಿದಳು. ಶುಲ್ಕ ಕೊಟ್ಟು ಮಗನನ್ನು ಜನಜಂಗುಳಿಯ ಪಾತ್ರಕ್ಕೆ ಒದಗಿಸಿದಂತಾಯಿತು.

ಆಮೇಲೆ ಕಾನೂನು ಓದಿದೆ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವಂತಿಲ್ಲ. ಕಲಾವಿದರಾಗಿ ಕೆಲಸ ಮಾಡಲು ವಿನಾಯಿತಿ ಇದೆಯಾದರೂ, ದಿನಕ್ಕೆ 5 ಗಂಟೆ ಮೀರಬಾರದು, ವಿಶ್ರಾಂತಿಯಿಲ್ಲದೆ 3 ಗಂಟೆ ಮೀರಬಾರದು, ಪೋಷಕರ ಒಪ್ಪಿಗೆ ಇರಲೇಬೇಕು. ನಿಮ್ಮ ಮಗಳು ಆ ವಯಸ್ಸನ್ನು ದಾಟಿದ್ದಾಳೆ, ಹಾಗೆಂದು ಸುಮ್ಮನಿರಬೇಡಿ. ಶಿಬಿರದಲ್ಲಿ ತೆಗೆದ ದೃಶ್ಯಗಳನ್ನು ನಿಮ್ಮ ಅನುಮತಿಯಿಲ್ಲದೆ ಹೊರಗೆ ಬಳಸುವುದಿಲ್ಲವೆಂದು ಬರವಣಿಗೆಯಲ್ಲಿ ಪಡೆಯಿರಿ. ನಾವು ಸಹಿ ಹಾಕಿದ ಅರ್ಜಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇದಕ್ಕೆ ತದ್ವಿರುದ್ಧವಾದ ಸಾಲೇ ಇತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡೂ ಕಡೆ ಫೋನು ಮಾಡಿದೆ. ಅಂಧೇರಿಯವರು ಸಂಕಲನದ ಪ್ರಶ್ನೆಗೆ, ಮೇಡಂ, ನಮ್ಮಲ್ಲಿ ವೃತ್ತಿಪರ ಎಡಿಟರ್ ಇದ್ದಾರೆ, ನೀವು ಚಿಂತಿಸಬೇಡಿ ಎಂದರು. ಪುಣೆಯವರು ಹೊಣೆಗಳು ಮೂರು ದಿನಕ್ಕೊಮ್ಮೆ ಬದಲಾಗುತ್ತವೆ, ಇಬ್ಬರಿಗೆ ಒಂದು ಲ್ಯಾಪ್‌ಟಾಪ್, ಹುಡುಗಿಯರ ಕೊಠಡಿಗೆ ಮಹಿಳಾ ವಾರ್ಡನ್ ಇದ್ದಾರೆ ಎಂದರು. ಟಿವಿ ಅಭ್ಯಾಸ ಒಂದೇ ದಿನ ಎಂದು ತಾವಾಗಿಯೇ ಒಪ್ಪಿಕೊಂಡದ್ದು ನನಗೆ ಹಿಡಿಸಿತು. ಅರ್ಜಿಯ ಹಿಂಬದಿಯನ್ನು ಕಳಿಸಿಕೊಡಲು ಹೇಳಿದ್ದೇನೆ. ಒಂದೇ ಅಳುಕೆಂದರೆ, ಅಲ್ಲಿ ಪಾಠ ಮರಾಠಿಯಲ್ಲಿ. ಮಗಳು ಮರಾಠಿ ಚೆನ್ನಾಗಿ ಮಾತನಾಡುತ್ತಾಳೆ, ಆದರೆ ಅವಳು ಬರೆದಿಟ್ಟಿರುವ ಕಥೆ ಅವಳ ಅಜ್ಜಿಯದು, ಸಂಭಾಷಣೆಯೆಲ್ಲ ಧಾರವಾಡದ ಕನ್ನಡ.

ಅಂದ ಹಾಗೆ, ಫ್ರಿಜ್ಜಿನ ಪ್ರಯೋಗ ನಿನ್ನೆ ರಾತ್ರಿ ನಡೆಯಿತು. ರೆಕಾರ್ಡಿಂಗ್ ಸೊಗಸಾಗಿ ಬಂದಿದೆ. ಬೀಗದಕೈ ಒಳಗಿಡುವುದನ್ನು ಮರೆತಿದ್ದರಿಂದ ಬೆಳಗ್ಗೆ ಒಂದು ಲೀಟರ್ ಹಾಲು ಒಡೆದಿತ್ತು.

ಉತ್ತರ 1 ಬರೆದವರು

ಕನ್ನಡದಲ್ಲೇ ತೆಗೆಯಲಿ, ಮರಾಠಿಯ ಉಪಶೀರ್ಷಿಕೆ ಹಾಕಲಿ. ಪಾತ್ರಗಳ ಮಾತು ಅರ್ಥವಾಗದ ಸಹಪಾಠಿ ಬೂಮ್ (ಉದ್ದ ಕೋಲಿನ ತುದಿಯ ಮೈಕು) ಹಿಡಿದಾಗ ಅವನು ಪದಗಳ ಬೆನ್ನು ಹತ್ತದೆ ದನಿಯ ಏರಿಳಿತವನ್ನೇ ಗಮನಿಸುತ್ತಾನೆ. ಹಾಗೆ ಬಂದ ಧ್ವನಿ ಎಷ್ಟೋ ಸಲ ಚೆನ್ನಾಗಿರುತ್ತದೆ. ಆದರೆ ಸಂಭಾಷಣೆಯ ಮರಾಠಿ ಅರ್ಥವನ್ನು ಪಕ್ಕದಲ್ಲೇ ಬರೆದ ಪ್ರತಿಯನ್ನು ಮೊದಲೇ ಮಾಡಿಕೊಂಡು ಬರಲಿ, ಸಂಕಲನದ ಹೊತ್ತಿಗೆ ಜೊತೆಗಾರರಿಗೆ ಅದು ಬೇಕಾಗುತ್ತದೆ. ಅಜ್ಜಿಯ ದನಿಯನ್ನು ಅಜ್ಜಿಯೇ ಕೊಡುವುದಾದರೆ ಈಗಲೇ ಮನೆಯಲ್ಲಿ, ಫ್ಯಾನು ಆರಿಸಿ, ಬೆಳಗಿನ ಲೋಕಲ್ಲುಗಳ ಗದ್ದಲ ಶುರುವಾಗುವ ಮುನ್ನ ರೆಕಾರ್ಡ್ ಮಾಡಿಡಿ.