ಸಿಮೆಂಟ್, ಬ್ಲಾಕ್ ಹೊರೋಕೆ ಯಾವ ಸೈಜ್ ಪಿಕಪ್? ಮಿಲ್ಲರ್ ಕೂಡ ಎಳೀಬೇಕು

ಕೆಂಗೇರಿ_ಮೆಟೀರಿಯಲ್:
ಅಂಗಡಿಗೆ ಗಾಡಿ ಬೇಕು. ಟ್ರಿಪ್ಪಿಗೆ 30 ಚೀಲ ಸಿಮೆಂಟ್ ಇಲ್ಲಾ 6 ಇಂಚಿನ ಸಾಲಿಡ್ ಬ್ಲಾಕ್, ಆಗಾಗ 12 ಎಂಎಂ ಕಂಬಿ. ವಾರಕ್ಕೊಂದು ಸಲ ಕಾಂಕ್ರೀಟ್ ಮಿಲ್ಲರ್ (ಕಲಸೋ ಯಂತ್ರ) ಗಾಡಿ ಹಿಂದೆ ಕಟ್ಟಬೇಕು. ಸೈಟುಗಳೆಲ್ಲ 15 ಅಡಿ ರಸ್ತೆ, ಏರು ಜಾಸ್ತಿ. ಏಸ್ ಗೋಲ್ಡ್, ಇಂಟ್ರಾ ವಿ30, ಬೊಲೆರೊ ಪಿಕಪ್ 1.7, ಯಾವುದು ಸರಿ? ಏಸಿಗೇ ಎರಡು ಕಮಾನು ಪಟ್ಟಿ ಜಾಸ್ತಿ ಹಾಕಿಸಿದ್ರೆ ಸಾಕು ಅಂತಾರೆ.

ತೂಕದ_ಚೀಟಿ:
ಪಟ್ಟಿ ಹಾಕಿಸಿದ್ರೆ ಗಾಡಿ ಹಿಂದೆ ಕೂರಲ್ಲ, ಅಷ್ಟೇ. ಆಕ್ಸಲ್, ಬ್ರೇಕ್, ಟೈರ್ ಹಳೇವೇ, ಆರ್‌ಸಿಯಲ್ಲಿರೋ ತೂಕವೂ ಹಳೇದೇ. ಏಸ್ ಬಿಡಿ.

30 ಚೀಲ ಅಂದ್ರೆ 1500 ಕೆಜಿ. ವಿ30 ಹೊರೋದು 1300, ಅದೂ ಹೋಯ್ತು. ಬೊಲೆರೊದಲ್ಲಿ 1700 ಇದೆ, ಆದ್ರೆ ಡ್ರೈವರ್ ಜೊತೆ ಇಬ್ಬರು ಲೋಡರ್ ಹತ್ತಿದ್ರೆ 200 ಕೆಜಿ ಅಲ್ಲೇ ಕಳೀತು. ಉಳಿದದ್ದು ಸರಿಯಾಗಿ 30 ಚೀಲ. ಅದರ ಮೇಲೆ ಕಬ್ಬಿಣದ ಗ್ರಿಲ್, ಕ್ಯಾರಿಯರ್ ಕಟ್ಟಿಸಿದ್ರೆ ಅದೂ ಇಳೀತದೆ. 27ಕ್ಕೆ ನಿಲ್ಲಿಸಿ.

ಬ್ಲಾಕ್ ಒಂದಕ್ಕೆ ಸುಮಾರು 25 ಕೆಜಿ, ಮಳೇಲಿ ನೆನೆದ್ರೆ ಇನ್ನೂ ಜಾಸ್ತಿ. 55ಕ್ಕಿಂತ ಹೆಚ್ಚು ಹಾಕಬೇಡಿ. ಸಾವಿರ ಬ್ಲಾಕಿನ ಆರ್ಡರ್ 25 ಟನ್, ಅದು ಟಿಪ್ಪರ್ ಕೆಲಸ.

ಕ್ಯಾಬಿನ್ ಕಡೆಯಿಂದ ಪೇರಿಸ್ತಾ ಬನ್ನಿ. ಭಾರವೆಲ್ಲ ಹಿಂದಿನ ಆಕ್ಸಲ್ಲಿನ ಆಚೆ ಬಿದ್ರೆ ಮುಂಭಾಗ ಎದ್ದು ಸ್ಟೇರಿಂಗ್ ಹಗುರಾಗ್ತದೆ, ಏರಿನಲ್ಲಿ ಅದೇ ಅಪಾಯ. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ ಕಲಂ 194ರಲ್ಲಿ ದಂಡ 20,000, ಹೆಚ್ಚಿನ ಟನ್ನಿಗೆ ತಲಾ 2,000, ಇಳಿಸೋ ಖರ್ಚೂ ನಿಮ್ದೇ.

ಕಂಬಿ_ಲೆಕ್ಕ:
ಕಂಬಿ ವಿಷಯ ಯಾರೂ ಹೇಳಲಿಲ್ಲ. 12 ಎಂಎಂ ಕಂಬಿ 12 ಮೀಟರ್ ಉದ್ದ, ಒಂದರ ತೂಕ 10.7 ಕೆಜಿ. ತೂಕದ ತಲೆನೋವಿಲ್ಲ, ಉದ್ದದ್ದೇ. ಮಧ್ಯೆ ಮಡಚಿದ್ರೂ 20 ಅಡಿ. ಪಿಕಪ್ ಬಾಡಿ 9 ಅಡಿ ಆಸುಪಾಸು, 11 ಅಡಿ ಹೊರಗೆ. ಕೆಂಪು ಬಟ್ಟೆ ಕಟ್ಟಿದ್ರೆ ಆಯ್ತು ಅಂದ್ಕೋಬೇಡಿ, ಇದಕ್ಕೂ 20,000 ದಂಡ ಇದೆ. ಸೈಟಿಗೆ ಬೇಕಾದ ಅಳತೆಗೆ ಕತ್ತರಿಸಿ ತನ್ನಿ, ಇಲ್ಲಾ 20 ಅಡಿ ಲಾರಿ ಬಾಡಿಗೆಗೆ ತಗೊಳ್ಳಿ.

ಮಿಲ್ಲರಿಗೆ ಬ್ರೇಕ್ ಇರಲ್ಲ, ನೀವು ಬ್ರೇಕ್ ಹಾಕಿದಾಗ ಅದು ಹಿಂದಿನಿಂದ ತಳ್ತದೆ. ಹತ್ತು ಅಡಿಗೆ ಒಂದು ಅಡಿ ಮೇಲೇರೋ ರಸ್ತೇಲಿ ಟನ್ನಿಗೆ 100 ಕೆಜಿ ಹಿಂದಕ್ಕೆ ಎಳೀತದೆ. ತುಂಬಿದ ಗಾಡಿ 3 ಟನ್ ದಾಟಿರ್ತದೆ, ಅದಕ್ಕೆ ಇದೂ ಸೇರಿದ್ರೆ ಮೊದಲು ಸುಡೋದು ಕ್ಲಚ್ ಪ್ಲೇಟ್. ಮಿಲ್ಲರ್ ಎಳೆಯೋ ದಿನ ಬಾಡಿ ಖಾಲಿ ಇರಲಿ. ಕೊಂಡಿಯನ್ನು ಬಂಪರಿಗೆ ವೆಲ್ಡ್ ಮಾಡಿಸಬೇಡಿ, ಚಾಸಿಗೆ ಬೋಲ್ಟ್ ಹಾಕಿಸಿ. ಪಿನ್ನಿನ ಜೊತೆ ಸೇಫ್ಟಿ ಚೈನ್ ಬೇಕೇ ಬೇಕು.

ಕೆಂಗೇರಿ_ಮೆಟೀರಿಯಲ್:
ಹಂಗಾದ್ರೆ ಬೊಲೆರೊ, 27 ಚೀಲ. ಡ್ರೈವರಿಗೆ ಬೇರೆ ಲೈಸೆನ್ಸ್ ಬೇಕಾ?

ತೂಕದ_ಚೀಟಿ:
ಬೇಡ. 7500 ಕೆಜಿ ಒಳಗಿನ ಸಾಗಣೆ ಗಾಡಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗ್ರಿಲ್ ಕಟ್ಟಿಸಿದ ಮೇಲೆ ಡೀಸೆಲ್ ಫುಲ್ ಮಾಡಿ ವೇಬ್ರಿಡ್ಜಿನಲ್ಲಿ ಖಾಲಿ ತೂಕ ಹಾಕಿಸಿ. ಆರ್‌ಸಿಯ ಒಟ್ಟು ತೂಕದಿಂದ ಅದನ್ನೂ ಜನರ 200 ಕೆಜಿಯನ್ನೂ ಕಳೆದು ಬಂದದ್ದೇ ನಿಮ್ಮ ಲೆಕ್ಕ, 27 ಅಲ್ಲ.